ಬೆಳಿಗ್ಗೆ ಆರೂವರೆಗೆ ಡೈರಿ ಹತ್ತಿರ ಹೋಗಿ

ಹಳ್ಳಿಗಳಲ್ಲಿ ಪರಿಸರದ ಕಾರ್ಯಕ್ರಮ ಎಷ್ಟು ಮಾಡಿದರೂ ಜನ ಬರುವುದಿಲ್ಲ, ಬಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಇವರನ್ನು ತಲುಪುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನನಗೆ ಚೆನ್ನಾಗಿ ಗೊತ್ತು. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ಪ್ಲಾಸ್ಟಿಕ್ ಸುಡುವುದನ್ನು ನಿಲ್ಲಿಸಬೇಕು ಅಂತ ನಾವು ನಾಲ್ಕೈದು ಜನ ಸೇರಿ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇವೆ.

ಮೊದಲ ವರ್ಷ ಜೂನ್ 5ಕ್ಕೆ, ವಿಶ್ವ ಪರಿಸರ ದಿನ ಅಂತ, ಶಾಲೆಯ ಅಂಗಳದಲ್ಲಿ ಸಭೆ ಇಟ್ಟೆವು. ಬೆಳಿಗ್ಗೆ ಹನ್ನೊಂದು ಗಂಟೆಗೆ! ಮುಂಗಾರು ಬಿತ್ತನೆ ಸಮಯ. ಆ ಹೊತ್ತಿಗೆ ಊರಲ್ಲಿ ಯಾರಿರುತ್ತಾರೆ ಹೇಳಿ? ಶಾಲೆ ಮಕ್ಕಳ ಜೊತೆ ಒಂದಿಬ್ಬರು ವಯಸ್ಸಾದವರು ಬಂದಿದ್ದರು, ಅಷ್ಟೇ. ಜನರಿಗೆ ಕಾಳಜಿ ಇಲ್ಲ ಅಂತ ಬೈದುಕೊಂಡು ಮನೆಗೆ ಹೋದೆವು. ಅದು ನಮ್ಮದೇ ತಪ್ಪು.

ಆಮೇಲೆ ಮನೆ ಮನೆಗೆ ಹೋದೆವು. ಒಬ್ಬ ಅಜ್ಜಿ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದರು. ಕೈಯಲ್ಲಿ ಎಣ್ಣೆ ಪ್ಯಾಕೆಟ್ಟು, ಪಕ್ಕದಲ್ಲಿ ಹರಿದ ಹಿಂಡಿ ಚೀಲ. "ಅಜ್ಜಿ, ಇದನ್ನ ಸುಡಬಾರದು, ವಿಷದ ಹೊಗೆ ಬರುತ್ತೆ" ಅಂದೆ. ಅವರು ತಲೆ ಎತ್ತದೆ ಹೇಳಿದರು: "ಮಳೆಗಾಲದಾಗೆ ಹಸಿ ಸೌದೆ ಹತ್ಕತದಾ ಮಗಾ? ಮೊದ್ಲಾದ್ರೆ ಒಂಚೂರು ಸೀಮೆಎಣ್ಣೆ ಬಿಡ್ತಿದ್ವಿ. ಈಗ ಅದೂ ಇಲ್ಲ. ನೀನೇ ಬಂದು ಹತ್ತಿಸ್ಕೊಡು."

ಅಲ್ಲಿಯವರೆಗೆ ನಾನು ಯಾರನ್ನೂ "ಯಾಕೆ ಸುಡ್ತೀರಿ?" ಅಂತ ಕೇಳಿಯೇ ಇರಲಿಲ್ಲ. ಕೇಳುತ್ತಾ ಹೋದ ಹಾಗೆ ವಿಷಯ ಬಿಚ್ಚಿಕೊಂಡಿತು. ಹೊಗೆಯಿಂದ ಕೆಮ್ಮು ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಬೇಕಾಗಿದ್ದು ಒಲೆ ಹತ್ತಿಸೋಕೆ ಏನಾದರೂ ಒಂದು. ಅದಕ್ಕೆ ದಾರಿ ತೋರಿಸಿದ್ದೂ ಅದೇ ಬೀದಿಯ ಒಬ್ಬ ಹೆಂಗಸು. ಅವರು ಬೇಸಿಗೆಯಲ್ಲೇ ತೆಂಗಿನ ನಾರು, ಕರಟ, ಒಣ ಗರಿ ಎಲ್ಲ ಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದರು. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಅವರ ಕೈಯಲ್ಲೇ ಈ ಮಾತು ಹೇಳಿಸಿದೆವು. ನಾವು ಬಾಯಿ ಬಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಎಷ್ಟೋ ಮನೆಗಳ ಅಟ್ಟದಲ್ಲಿ ನಾರಿನ ಚೀಲ ಇತ್ತು.

ಇನ್ನು ಜಾಗ. ನಮ್ಮ ಕಡೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇಡೀ ಊರು ಬಂದು ಹೋಗುವ ಜಾಗ ಅಂದರೆ ಹಾಲಿನ ಡೈರಿ. ಕ್ಯಾನ್ ಹಿಡಿದು ಸಾಲಲ್ಲಿ ನಿಂತವರಿಗೆ ಹತ್ತು ನಿಮಿಷ ಬಿಡುವು ಇದ್ದೇ ಇರುತ್ತದೆ. ಎಲ್ಲ ಜಾತಿ, ಎಲ್ಲ ಬೀದಿಯವರೂ ಸಿಗುತ್ತಾರೆ. ಅಲ್ಲಿ "ಪರಿಸರ" ಅನ್ನೋ ಪದವನ್ನೇ ನಾವು ಬಳಸುವುದಿಲ್ಲ. "ಫ್ಯಾಟ್" ಅನ್ನುತ್ತೇವೆ, ಅಂದರೆ ಹಾಲಿನ ಕೊಬ್ಬು. ಹಾಲಿನ ರೇಟು ಗೊತ್ತಾಗುವುದರಲ್ಲಿ ಫ್ಯಾಟಿನ ಪಾತ್ರ ದೊಡ್ಡದು, ಹಾಗಾಗಿ ಅದು ಎಲ್ಲರಿಗೂ ಗೊತ್ತಿರುವ ಮಾತು. ಪ್ಲಾಸ್ಟಿಕ್ ಕಸ ಸುಟ್ಟಾಗ, ಅದರಲ್ಲೂ ಪಿವಿಸಿ ಪೈಪಿನ ತುಂಡು, ಹಳೇ ವೈರು ಸುಟ್ಟಾಗ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂರುತ್ತದೆ, ಹಸು ಮೇಯುತ್ತದೆ, ಅಲ್ಲಿಂದ ಹಾಲಿನ ಫ್ಯಾಟಿಗೆ ಸೇರುತ್ತದೆ. ಮನುಷ್ಯರ ಮೈಗೆ ಹೋಗುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಜಾಸ್ತಿ ಊಟದಿಂದಲೇ, ಮುಖ್ಯವಾಗಿ ಹಾಲು, ಮಾಂಸ, ಮೀನಿನಿಂದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟನ್ನು ಡೈರಿ ಸಾಲಿನಲ್ಲಿ ಹೇಳಿದರೆ "ಹಂಗಾದ್ರೆ ನಮ್ ಮಕ್ಳು ಕುಡಿಯೋ ಹಾಲಿಗೂ ಬರ್ತದಾ?" ಅಂತ ಅವರೇ ಕೇಳುತ್ತಾರೆ.

ಆದರೆ ನಮ್ಮೂರನ್ನು ನಿಜವಾಗಿ ಅಲ್ಲಾಡಿಸಿದ್ದು ಒಂದು ಹಸು. ಮೇವು ಬಿಟ್ಟಿತ್ತು, ಮೆಲುಕು ಹಾಕುತ್ತಿರಲಿಲ್ಲ, ಹೊಟ್ಟೆ ಉಬ್ಬಿತ್ತು. ಡಾಕ್ಟ್ರು ಬಂದು ಹೊಟ್ಟೆ ಕೊಯ್ದು ಒಳಗಿದ್ದದ್ದನ್ನು ತೆಗೆದರು. ಒಂದು ಬುಟ್ಟಿ ತುಂಬ ಪ್ಲಾಸ್ಟಿಕ್ಕು, ನೈಲಾನ್ ಹಗ್ಗದ ಚೂರು. ಅದರಲ್ಲಿ ಒಂದು ಕಪ್ಪು ಕವರಿನ ಗಂಟು ಹಾಗೇ ಇತ್ತು. ಯಾರೋ ಮಿಕ್ಕ ಅನ್ನ ಸಾರು ಕಟ್ಟಿ ಎಸೆದದ್ದು. ಹಸುವಿಗೆ ಗಂಟು ಬಿಚ್ಚೋಕೆ ಬರುತ್ತಾ? ಇಡೀ ಗಂಟನ್ನೇ ನುಂಗಿತ್ತು. ಹಸು ಉಳಿಯಿತು. ಅದರ ಯಜಮಾನರು ಆ ಗಂಟನ್ನು ತೊಳೆದು ಮಾರನೇ ದಿನ ಡೈರಿಗೆ ತಂದು ಬೋರ್ಡಿನ ಪಕ್ಕ ಮೊಳೆಗೆ ನೇತು ಹಾಕಿದರು. ಅದನ್ನು ನೋಡಿ ಹೆಂಗಸರು ಸುಮ್ನೆ ನಿಂತುಬಿಟ್ಟಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಅಸ್ಸಾಮಿನ ಕಾಮರೂಪ ಜಿಲ್ಲೆಯ ದಾದರಾ ಊರಿನ ಕಡೆ ವನ್ಯಜೀವಿ ವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಮಾಡಿದ ಕೆಲಸವನ್ನೂ ನೀವು ಓದಿ. ಅಲ್ಲಿ ಹರ್ಗಿಲಾ ಅಂತ ಒಂದು ದೊಡ್ಡ ಕೊಕ್ಕರೆ ಇದೆ. ಹೆಸರಿನ ಅರ್ಥವೇ ಮೂಳೆ ನುಂಗುವುದು. ಜನರ ಹಿತ್ತಿಲ ಮರದಲ್ಲೇ ಗೂಡು ಕಟ್ಟುತ್ತದೆ, ಕೊಳೆತ ಮಾಂಸ ಕೆಳಗೆ ಬೀಳಿಸುತ್ತದೆ. ನಾತ ತಡೆಯಲಾರದೆ, ಅಪಶಕುನ ಅಂತಲೂ ಜನ ಮರವನ್ನೇ ಕಡಿಯುತ್ತಿದ್ದರು. ಈಕೆ ಅವರಿಗೆ ಪಾಠ ಹೇಳುವುದನ್ನು ಬಿಟ್ಟು ಊರಿನ ಹೆಂಗಸರ ಜೊತೆ ಕೂತರು. ಅಡುಗೆ ಸ್ಪರ್ಧೆ ನಡೆಸಿದರು. ಮೊಟ್ಟೆ ಇಡುವ ಕಾಲಕ್ಕೆ ಹಕ್ಕಿಗೇ ಸೀಮಂತ ಮಾಡಿಸಿದರು. ಮಗ್ಗದ ಮೇಲೆ ಗಮೋಸಾ ಅನ್ನೋ ಅಸ್ಸಾಮಿ ಟವೆಲು, ಸೀರೆಗಳಲ್ಲಿ ಹರ್ಗಿಲಾ ಚಿತ್ರ ಬಂತು, ಅದರಿಂದ ನಾಲ್ಕು ಕಾಸೂ ಬಂತು. ಈಗ ಆ ಹೆಂಗಸರೇ "ಹರ್ಗಿಲಾ ಸೇನೆ". 2022ರಲ್ಲಿ ವಿಶ್ವಸಂಸ್ಥೆ ಈಕೆಗೆ ತನ್ನ ಅತಿ ದೊಡ್ಡ ಪರಿಸರ ಪ್ರಶಸ್ತಿ ಕೊಟ್ಟಿತು. ನಮ್ಮ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರಲ್ಲ, ಆ ಭಾವನೆಯೇ ಅಲ್ಲೂ ಬೇರು ಬಿಟ್ಟಿದೆ.

ನಮ್ಮಲ್ಲಿ ಎಲ್ಲಾ ಸರಿಹೋಗಿದೆ ಅಂತ ತಿಳಿಯಬೇಡಿ. ಡೈಪರ್, ಪ್ಯಾಡುಗಳನ್ನು ಇವತ್ತಿಗೂ ಒಲೆಗೆ ಹಾಕುತ್ತಾರೆ, ಇಲ್ಲವೇ ಕೆರೆ ಏರಿ ಹಿಂದೆ ಎಸೆಯುತ್ತಾರೆ. ಪಂಚಾಯಿತಿಯ ಕಸದ ಗಾಡಿ ನಮ್ಮ ಬೀದಿಗೆ ವಾರಕ್ಕೊಮ್ಮೆ ಬರುತ್ತದೆ, ಕೆಲವು ವಾರ ಅದೂ ಇಲ್ಲ. ಗಂಡಸಾದ ನಾನು ಪ್ಯಾಡು, ಡೈಪರಿನ ಮಾತು ತೆಗೆದರೆ ಹೆಂಗಸರು ಒಳಗೆ ಹೋಗಿಬಿಡುತ್ತಾರೆ. ಅದಕ್ಕೆ ಈ ಸಲ ಆಶಾ ಕಾರ್ಯಕರ್ತೆ ಅಕ್ಕನನ್ನು ಕೇಳಿಕೊಂಡಿದ್ದೇವೆ. ಅವರು ಬಾಣಂತಿಯರ ಮನೆಗೆ ಹೋದಾಗ ಮೊದಲು ಬಟ್ಟೆ ಲಂಗೋಟಿಯ ವಿಷಯ ತೆಗೆದು ನೋಡುತ್ತೇನೆ ಅಂದಿದ್ದಾರೆ.