“ಇವನೂ ಚಿಕ್ಕಪ್ಪನ ಹಾಗೇ ಆಗುತ್ತಾನಾ ಮೇಡಂ?”

ಮಗುವಿನ ಹೊಡೆದಾಟ, ರಂಪಕ್ಕೆ ಸಲಹೆ ಕೇಳಲು ಈ ಪ್ರಶ್ನೆ ಹೊತ್ತು ನನ್ನ ಬಳಿ ಬರುವ ತಂದೆ-ತಾಯಿಯರನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಐದು ವರ್ಷ, ಯುಕೆಜಿ. ತಂದೆಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಜೊತೆಯ ಮಕ್ಕಳನ್ನು ಕಚ್ಚುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ ಎಂಬುದು ಶಾಲೆಯ ದೂರು. ತಂದೆಯ ತಮ್ಮನ ಮೇಲೆ ಹೊಡೆದಾಟದ ಮೊಕದ್ದಮೆಗಳಿವೆ. ಮನೆಯವರ ಭಯವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಎರಡನೆಯ ಭೇಟಿಯಲ್ಲಿ ಹುಡುಗ ನೆಲದ ಮೇಲೆ ಕುಳಿತು ಚನ್ನಪಟ್ಟಣದ ಗೊಂಬೆಗಳನ್ನು ಬಣ್ಣಬಣ್ಣವಾಗಿ ಸಾಲಿಗಿಡುತ್ತಿದ್ದ. “ಪುಟ್ಟಾ, ಆ ಹುಡುಗಿಯನ್ನು ಯಾಕೆ ಕಚ್ಚಿದೆ?” ಎಂದೆ. ತಲೆ ಎತ್ತದೆ, “ನಾನು ಚಿಕ್ಕಪ್ಪನ ಹಾಗಲ್ಲವಾ, ಅದಕ್ಕೆ” ಎಂದ. ಊರಿನ ಹೆಸರು ಹೇಳುವಷ್ಟು ಸಲೀಸಾಗಿ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂದೆ ಬಹಳ ಹೊತ್ತಿನ ಮೇಲೆ, “ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತೇವೆ” ಎಂದರು.

“ಅವನು ರಂಪ ಮಾಡಿದಾಗ ಮೊದಲು ಸೋಲುವವರು ಯಾರು?” ಎಂದು ಕೇಳಿದೆ. ತಾಯಿ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಾರಂತೆ. ತಂದೆ ಪಾಳಿ ಮುಗಿಸಿ ಬಂದು ಬಾರಿಸುತ್ತಾರಂತೆ. ಕಿರುಚಿದರೆ ಕೇಳಿದ್ದು ಸಿಗುತ್ತದೆ, ಬಲವಿದ್ದವನು ಹೊಡೆಯಬಹುದು. ಮಗು ಎರಡನ್ನೂ ಚೆನ್ನಾಗಿ ಕಲಿತಿತ್ತು.

ತಂದೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಅಮೆರಿಕದ ಸಂಶೋಧಕಿ ಲೀ ರಾಬಿನ್ಸ್ 1966ರಲ್ಲಿ ಪ್ರಕಟಿಸಿದ ದೀರ್ಘಾವಧಿಯ ಅಧ್ಯಯನದಲ್ಲಿ ಕಂಡದ್ದನ್ನು ಹೇಳಿದೆ: ಸಮಾಜಕಂಟಕರಾಗಿ ಬೆಳೆದವರ ಬಾಲ್ಯ ನೋಡಿದರೆ ಬಹುತೇಕ ಎಲ್ಲರಲ್ಲೂ ಇಂಥ ವರ್ತನೆ ಸಿಗುತ್ತದೆ; ಆದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಹಾಗೆ ಬೆಳೆಯುವುದಿಲ್ಲ. ಹೊಡೆಯುವುದು, ಕಚ್ಚುವುದು ಎರಡರಿಂದ ನಾಲ್ಕು ವರ್ಷದೊಳಗೆ ಹೆಚ್ಚಿದ್ದು, ಮಾತು ಮತ್ತು ತಾಳ್ಮೆ ಬೆಳೆದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಬೇಗ ಶುರುವಾಗಿ, ಮನೆಯಲ್ಲೂ ಶಾಲೆಯಲ್ಲೂ ವರ್ಷಗಟ್ಟಲೆ ಇಳಿಯದಿದ್ದರೆ ಅಪಾಯ ಹೆಚ್ಚು. ಹಾಗಾಗಿ ಕಾದು ನೋಡೋಣ ಎಂದು ನಾನು ಹೇಳಲಿಲ್ಲ.

ಮನೆಯವರಿಗೆ ಹೇಳಿದ್ದು ಇಷ್ಟು: ಚಿಕ್ಕಪ್ಪನ ಹೋಲಿಕೆ ಇಂದೇ ನಿಲ್ಲಬೇಕು, ಅಜ್ಜಿಯ ಬಾಯಲ್ಲೂ. ಹೊಡೆತ ಬೇಡ. ದಿನಕ್ಕೆ ಹತ್ತು ನಿಮಿಷ ಅವನು ಹೇಳಿದ ಆಟವನ್ನೇ ಅವನ ಜೊತೆ ಆಡಬೇಕು. ಕಚ್ಚದೆ ಬಾಯಲ್ಲಿ ಕೇಳಿದ ಕೂಡಲೇ ಮೆಚ್ಚಬೇಕು. ರಂಪಕ್ಕೆ ಮೊಬೈಲ್ ಸಿಗಬಾರದು. ಮೊದಮೊದಲು ಕಿರುಚಾಟ ಇನ್ನೂ ಹೆಚ್ಚುತ್ತದೆ, ಆಗ ಸೋಲಬಾರದು. ಕಿವಿ ಮತ್ತು ನಿದ್ದೆಯ ತಪಾಸಣೆಗೂ ಕಳುಹಿಸಿದೆ. ಸರಿಯಾಗಿ ಕೇಳಿಸದ ಮಗುವನ್ನು ಹಟಮಾರಿ ಎಂದುಕೊಳ್ಳುವುದು ಸುಲಭ.

ಹೆದರಿಸಿದರಷ್ಟೇ ಹೆತ್ತವರು ಎಚ್ಚೆತ್ತುಕೊಳ್ಳುತ್ತಾರೆ ಎನ್ನುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹೆದರಿದ ತಂದೆ ಬೆಲ್ಟ್ ಹುಡುಕುತ್ತಾನೆ, ಹೆದರಿದ ಶಾಲೆ ವರ್ಗಾವಣೆ ಪತ್ರ ಬರೆಯುತ್ತದೆ. ಮಗುವಿಗೆ ಬೇಕಾದದ್ದು ಇವೆರಡೂ ಅಲ್ಲ.

ಕಚ್ಚುವುದು ಈಗ ಕಡಿಮೆಯಾಗಿದೆ, ಎಸೆಯುವುದು ಅಷ್ಟಾಗಿ ಅಲ್ಲ. ಭೇಟಿಗಳು ಮುಂದುವರಿದಿವೆ. ಪ್ರಾಣಿಗಳನ್ನು ಹಿಂಸಿಸುವುದು, ಬೇಕೆಂದೇ ಬೆಂಕಿ ಹಚ್ಚುವುದು ಕಂಡರಂತೂ ತಡಮಾಡದೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.