ಕೂ ಹುಲಿನ್ ಕಥೆಯಲ್ಲಿ ನೀವು ಬಿಟ್ಟ ದೃಶ್ಯ

ಪ್ರಿಯ ಲೇಖಕರೇ,

ಐರಿಷ್ ಪುರಾಣದ ವೀರ ಕೂ ಹುಲಿನ್ ಬಗ್ಗೆ ನೀವು ಕಳಿಸಿದ ಬರಹ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಕಡೆಯ ಕಾಳಗದ ಎರಡು ಪುಟಗಳಲ್ಲಿ ಕಥೆ ಹೇಳುವ ಕಸುವು ಇದೆ. ಅದಕ್ಕಾಗಿಯೇ ಇಷ್ಟು ಬಿಡಿಸಿ ಬರೆಯುತ್ತಿದ್ದೇವೆ.

'ನಾಯಿ ನಿಷ್ಠೆಯ ಸಂಕೇತ, ಕಾಗೆ ಸಾವಿನ ಸಂಕೇತ' ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಈ ಕಥೆಯಲ್ಲಿ ನಾಯಿ ಎಂದರೆ ತೀರಿಸಬೇಕಾದ ಸಾಲ. ಸೆಟಾಂಟ ಎಂಬ ಹುಡುಗ ಕಮ್ಮಾರ ಕುಲನ್‌ನ ಕಾವಲುನಾಯಿಯನ್ನು ಕೊಂದ. ಅದೇ ತಳಿಯ ಮರಿಯೊಂದು ಬೆಳೆದು ನಿಲ್ಲುವ ತನಕ ಕಾವಲಿಗೆ ನಾನೇ ಇರುತ್ತೇನೆ ಎಂದ. ಆಗ ಬಿದ್ದ ಹೆಸರು ಕೂ ಹುಲಿನ್, ಅಂದರೆ 'ಕುಲನ್‌ನ ನಾಯಿ'. ನೀವು ಒಂದು ಸಾಲಿನಲ್ಲಿ ಮುಗಿಸಿದ ಈ ಘಟನೆಗೆ ಕನಿಷ್ಠ ಎರಡು ಪ್ಯಾರಾ ಬೇಕು. ಅವನ ಸಾವು ಮೊಳೆಯುವುದು ಇಲ್ಲೇ.

ಅವನ ಮೇಲೆ ಎರಡು 'ಗೇಶ್', ಅಂದರೆ ಮೀರಬಾರದ ಕಟ್ಟುಗಳು, ಇದ್ದವು: ನಾಯಿಯ ಮಾಂಸ ತಿನ್ನಬಾರದು, ತಿಂದರೆ ತನ್ನ ಹೆಸರನ್ನೇ ತಿಂದಂತೆ, ಅಡುಗೆಯ ಒಲೆ ಕಂಡರೆ ಅಲ್ಲಿ ಕೊಟ್ಟದ್ದನ್ನು ಉಣ್ಣದೆ ದಾಟಬಾರದು. ಕೊನೆಯ ಯುದ್ಧಕ್ಕೆ ಹೊರಟಾಗ ದಾರಿಯಲ್ಲಿ ಎಡಗಣ್ಣು ಕುರುಡಾದ ಮೂವರು ಮುದುಕಿಯರು ರೋವನ್ ಮರದ ಕಡ್ಡಿಗೆ ನಾಯಿಮಾಂಸ ಚುಚ್ಚಿ ಸುಡುತ್ತಿರುತ್ತಾರೆ. ತಿಂದರೂ ತಪ್ಪು, ಬಿಟ್ಟರೂ ತಪ್ಪು. ಎಡಗೈಯಲ್ಲಿ ಹಿಡಿದು ತಿನ್ನುತ್ತಾನೆ, ಎಡತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾನೆ. ಆ ಕೈ, ಆ ತೊಡೆ ಎರಡರ ಬಲವೂ ಉಡುಗುತ್ತದೆ. ಈ ದೃಶ್ಯವನ್ನೇ ನೀವು ಬಿಟ್ಟಿದ್ದೀರಿ. ಅದಕ್ಕೇ ಅಂಥ ವೀರ ಏಕಾಏಕಿ ಸೋತದ್ದು ನಂಬುವಂತಿಲ್ಲ. ಗೇಶ್‌ಗೆ 'ಶಾಪ' ಎಂಬ ಪದವೂ ಬೇಡ. ಶಾಪ ಎಂದೊಡನೆ ನಮ್ಮ ಓದುಗರು ಒಬ್ಬರ ಕೋಪವನ್ನೂ ವಿಮೋಚನೆಯನ್ನೂ ಎದುರು ನೋಡುತ್ತಾರೆ. ಮೂಲಪದವನ್ನೇ ಇಟ್ಟು, ಮೊದಲ ಸಲ 'ಮೀರಬಾರದ ಕಟ್ಟು' ಎಂದು ಬಿಡಿಸಿ ಹೇಳಿ.

ಶತ್ರುಗಳು ಅವನನ್ನು ಕಂಬಕ್ಕೆ ಕಟ್ಟಿದರು ಎಂಬುದು ತಪ್ಪು. ನಿಂತೇ ಸಾಯಬೇಕೆಂದು ತನ್ನ ನಡುಪಟ್ಟಿಯಿಂದ ತಾನೇ ನಿಲುಗಲ್ಲಿಗೆ ಕಟ್ಟಿಕೊಳ್ಳುತ್ತಾನೆ. ಹಕ್ಕಿ ಬಂದು ಹೆಗಲ ಮೇಲೆ ಕೂರುವವರೆಗೆ ಯಾರೂ ಹತ್ತಿರ ಸುಳಿಯುವುದಿಲ್ಲ. ನಿಮ್ಮಲ್ಲಿ ಆ ಹಕ್ಕಿ ಎಲ್ಲಿಂದಲೋ ಹಾರಿಬರುತ್ತದೆ. ಯುದ್ಧದೇವತೆ ಮೊರೀಗನ್ ಹಾವುಮೀನಾಗಿ, ತೋಳವಾಗಿ, ಕೊಂಬಿಲ್ಲದ ಕೆಂಪು ಕಡಸಾಗಿ ಅವನ ಮೇಲೆ ಬಿದ್ದು ಮೂರು ಸಲವೂ ಗಾಯಗೊಂಡದ್ದನ್ನು ಮೊದಲೇ ಹೇಳಿದ್ದರೆ, ಹೆಗಲೇರಿದ್ದು ಯಾರೆಂದು ಓದುಗರೇ ಊಹಿಸುತ್ತಿದ್ದರು.

ಅವನ ಕಾಳಗಗಳನ್ನು ಹೇಳುವ ಐರಿಷ್ ಕಥೆಯ ಹೆಸರಿಗೆ ನೀವು ಕೊಟ್ಟ 'ಕೂಲಿ ದನಗಳ ದಾಳಿ' ಎಂಬ ಅನುವಾದವನ್ನು ಬದಲಿಸಿ. ಕೂಲಿ ಅಲ್ಲಿ ಒಂದು ಸೀಮೆಯ ಹೆಸರು, ಕನ್ನಡದಲ್ಲಿ ದುಡಿಮೆಯ ಹಣ. ಮೇಲಾಗಿ ದನಗಳೇ ದಾಳಿ ಮಾಡಿದಂತೆ ಕೇಳಿಸುತ್ತದೆ. 'ಕೂಲಿ ಸೀಮೆಯ ತುರುಗೋಳು' ಎನ್ನಿ. ದನ ಹೊಡೆದೊಯ್ಯುವುದಕ್ಕೆ ನಮ್ಮ ವೀರಗಲ್ಲುಗಳು ಬಳಸಿದ ಪದವೇ ಅದು. ಕೆಂಪು ಡ್ರ್ಯಾಗನ್ ವೇಲ್ಸ್‌ನದು, ತೆಗೆಯಿರಿ. ಇನ್ನೊಬ್ಬ ಐರಿಷ್ ವೀರ ಫಿನ್ ಬೇರೆ ಕಥಾಚಕ್ರದವ, ಬೇರೆ ಕಾಲದವ. ಅವನನ್ನೂ ಕೂ ಹುಲಿನ್‌ನನ್ನೂ ಎದುರುಬದುರು ನಿಲ್ಲಿಸಬೇಡಿ. ನಾಯಕನ ಹೆಸರಿಗೆ ನಿಮ್ಮಲ್ಲಿ ಮೂರು ಕಾಗುಣಿತಗಳಿವೆ, ಒಂದನ್ನೇ ಉಳಿಸಿ.

ತಿದ್ದಿ ಮತ್ತೆ ಕಳಿಸಿ. ಮುದುಕಿಯರ ದೃಶ್ಯವನ್ನು ಮೊದಲು ಬರೆದುಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ.

ಸಂಪಾದಕರು