ಶನಿ ಬಿಡೋದು 2032ಕ್ಕೆ, ಲೈಸೆನ್ಸ್ ಮುಗಿಯೋದು ನಾಲ್ಕು ತಿಂಗಳಿಗೆ

ತಮ್ಮಾ,

ನಿನ್ನ ಉದ್ದ ಮೆಸೇಜನ್ನು ಎರಡು ಸಲ ಓದಿದೆ. ಹೊಸನಗರದ ಕಡೆಯ ಹುಡುಗ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎಂಟು ತಿಂಗಳು. ಊರಲ್ಲಿ ಬೈಕು, ಕಾರು ಎರಡೂ ಓಡಿಸಿಕೊಂಡಿದ್ದವನಿಗೆ ಇಲ್ಲಿ ರೌಂಡಬೌಟ್ ಅನ್ನುವ ವೃತ್ತದ ಹತ್ತಿರ ಬಂದರೆ ಕೈ ಮರಗಟ್ಟುತ್ತದೆ. ಒಂದು ದಿನ ಎದುರಿನ ಕಾರಿನವನು ಲೈಟ್ ಹೊಡೆದ, ನೀನು ನಿಂತೆ, ಹಿಂದಿನವನು ಹಾರ್ನ್ ಹೊಡೆದು ಕಿಟಕಿ ಇಳಿಸಿ ಬೈದ. ಅವತ್ತಿನಿಂದ ಕಾರು ಮುಟ್ಟಿಲ್ಲ. ಕಳೆದ ತಿಂಗಳು ಆಫೀಸಿನ ವಿಮೆಯಲ್ಲಿ ತೋರಿಸಿಕೊಂಡಾಗ ಆಟಿಸಂ (ಸದ್ದು, ಬೆಳಕು, ಜನರ ಸನ್ನೆಗಳನ್ನು ಮಿದುಳು ಬೇರೆ ರೀತಿ ಗ್ರಹಿಸುವ ಹುಟ್ಟುಗುಣ) ಇದೆ ಅಂತ ವರದಿ ಕೈಗೆ ಬಂತು. ಅಮ್ಮನಿಗೆ ಹೇಳಿದೆ. ಅಮ್ಮ ಜಾತಕ ಹಿಡಿದುಕೊಂಡು ಜೋಯಿಸರ ಮನೆಗೆ ಹೋದರು. ಮೇಷ ರಾಶಿ, ಸಾಡೇಸಾತಿ ಶುರುವಾಗಿದೆ, ನಾಲ್ಕನೇ ಮನೆಯಲ್ಲಿ ಕುಜ, ವಾಹನ ಕಂಟಕ, 2032ರವರೆಗೆ ಸ್ಟೀರಿಂಗ್ ಹಿಡಿಯುವ ಹಾಗಿಲ್ಲ. "ಅಕ್ಕಾ, ಇದು ಬರೀ ಹೆದರಿಕೆಯಾ, ಆಟಿಸಮ್ಮಾ, ಶನಿಯಾ? ಮೊದಲು ಯಾವುದಕ್ಕೆ ಪರಿಹಾರ ಮಾಡ್ಲಿ?"

ಮೊದಲು ಲೈಸೆನ್ಸಿಗೆ ಮಾಡು ಮಾರಾಯ. ಇಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ನಮ್ಮ ಇಂಡಿಯಾದ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಕಾನೂನಿನ ಲೆಕ್ಕದಲ್ಲಿ ನೀನು ಹೊಸದಾಗಿ ಕಲಿಯುವವನು: ಪ್ರೊವಿಷನಲ್ ಲೈಸೆನ್ಸ್, ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡು, ಪಕ್ಕದಲ್ಲಿ 21 ದಾಟಿದ, ಲೈಸೆನ್ಸ್ ಸಿಕ್ಕಿ ಮೂರು ವರ್ಷವಾದ ಒಬ್ಬರು. ಪ್ರೊವಿಷನಲ್‌ಗೆ ಈ ವಾರವೇ ಅರ್ಜಿ ಹಾಕು. ಹೆದರಿಕೆ ಹೋದ ಮೇಲೆ ಹಾಕಿದರಾಯಿತು ಅಂದುಕೊಳ್ಳಬೇಡ. ಟೆಸ್ಟಿಗೆ ತಾರೀಖು ಸಿಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆದರಿಕೆಯ ಕೆಲಸವನ್ನು ಆ ತಿಂಗಳುಗಳಲ್ಲಿ ಮಾಡಬಹುದು.

ಈಗ ನನ್ನ ಕತೆ ಕೇಳು. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಕಾರು ಕಲಿತದ್ದು ಮನೆ ಅಂಗಳದಲ್ಲಿ, ಕೊನೆಕೊಯ್ಲು ಮುಗಿದು ಅಡಿಕೆ ಒಣಗಿಸುವ ಅಟ್ಟ ಬಿಚ್ಚಿದ ಮೇಲೆ. ಎರಡು ತೆಂಗಿನಮರ, ಒಂದು ಬಾವಿಕಟ್ಟೆ, ಒಂದು ತುಳಸಿಕಟ್ಟೆ. ಯಾವುದೂ ಇದ್ದಲ್ಲಿಂದ ಅಲುಗುವುದಿಲ್ಲ. ಅಲ್ಲಿ ನನ್ನಷ್ಟು ಚೆನ್ನಾಗಿ ಓಡಿಸುವವರೇ ಇರಲಿಲ್ಲ. ಇಪ್ಪತ್ತನೇ ವರ್ಷದಲ್ಲಿ ಅಪ್ಪಯ್ಯ ಒಂದು ದಿನ "ಆಗುಂಬೆ ಘಾಟಿ ಇಳಿಸು ನೋಡನ" ಅಂದರು. ಹದಿನಾಲ್ಕು ತಿರುವು. ಏಳನೆಯದೋ ಎಂಟನೆಯದೋ, ಮಂಜು ಕವಿದಿತ್ತು, ಕೆಳಗಿಂದ ಒಂದು ಬಸ್ಸು ಹತ್ತಿ ಬಂತು. ಡ್ರೈವರ್ ಲೈಟ್ ಕೊಟ್ಟ, ಹಾರ್ನ್ ಕೊಟ್ಟ, ಕ್ಲೀನರ್ ಬಾಗಿಲಲ್ಲಿ ನೇತಾಡುತ್ತಾ ಕೈ ಬೀಸಿದ. ಬಾ ಅಂತಲೋ ಹೋಗು ಅಂತಲೋ. ವೈಪರ್ ಕಿರ್ರೋ ಅಂತಿತ್ತು. ಅಪ್ಪಯ್ಯ "ಹಿಂದೆ ತಗ, ಹಿಂದೆ ತಗ" ಅಂತಿದ್ದರು. ನಾನು ಸ್ಟೀರಿಂಗ್ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡೆ. ಅಪ್ಪಯ್ಯ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಇವತ್ತು ನಿನಗೆ ಉತ್ತರ ಬರೆಯುವ ಕೆಲಸ ಬೇರೆ ಯಾರದ್ದಾದರೂ ಆಗಿರುತ್ತಿತ್ತು.

ಘಾಟಿ ಇಳಿಯುವ ಮುಂಚೆ ಚೌಡಿಗೆ ಕಾಯಿ ಒಡೆಯಲಿಲ್ಲ, ಅದಕ್ಕೇ ಹೀಗಾಯಿತು ಅಂದರು ಅಜ್ಜಿ. ಮುಂದಿನ ವಾರ ಜೋಯಿಸರು ರಾಹು ಅಂದರು. ಮದುವೆ ಮಾತು ಬಂದಾಗ ಅದೇ ಜಾತಕದಲ್ಲಿ ಕುಜ ಕಾಣಿಸಿದ. ಇಪ್ಪತ್ತೇಳಕ್ಕೆ ಶನಿ.

ಆ ಜೋಯಿಸರ ಬಗ್ಗೆ ಕೊಂಕು ಮಾತಾಡಲು ನನಗೆ ಮನಸ್ಸಿಲ್ಲ. "ನಿಂಗೆ ಎಂಥದಕ್ಕೆ ಹೆದರಿಕೆ ಆಗ್ತದೆ ಮಗಾ?" ಅಂತ ಒಂದು ಗಂಟೆ ಕೂತು ಕೇಳಿದವರು ನಮ್ಮೂರಿನಲ್ಲಿ ಅವರೊಬ್ಬರೇ. ಅಪ್ಪಯ್ಯ ಕೇಳಲಿಲ್ಲ. ಪೇಟೆಯ ಡಾಕ್ಟರು ರಕ್ತ ಕಡಿಮೆ ಅಂತ ಟಾನಿಕ್ ಬರೆದು ಕಳಿಸಿದರು. ಜೋಯಿಸರು ಕವಳ ಮಡಚುತ್ತಾ ಎಲ್ಲ ಕೇಳಿಸಿಕೊಂಡು, "ಗ್ರಹಚಾರ, ನಿಂದೇನೂ ತಪ್ಪಿಲ್ಲ" ಅಂದರು. ಆ ಒಂದು ಮಾತಿನ ಮೇಲೆ ನಾನು ಎರಡು ವರ್ಷ ನೆಮ್ಮದಿಯಾಗಿದ್ದೆ. ಎಡವಟ್ಟಾದದ್ದು ಅದರ ಜೊತೆ ಅವರು ಕೊಟ್ಟ ತಾರೀಖಿನಿಂದ. ಇಂಥ ವರ್ಷ ಬಿಡುತ್ತದೆ ಅಂತ ಒಬ್ಬರು ಹೇಳಿದರೆ ನಾವು ಕಾಯುತ್ತೇವೆ, ಆ ತಿರುವಿನಲ್ಲಿ ಏನಾಯಿತು ಅಂತ ತಿರುಗಿ ನೋಡಲು ಹೋಗುವುದಿಲ್ಲ. ನಾನು ಹದಿನೆಂಟು ವರ್ಷ ಕಾದೆ. ಅದರಲ್ಲಿ ಒಂಬತ್ತು ವರ್ಷ ಇದೇ ದೇಶದಲ್ಲಿ, ಮಗುವನ್ನು ಹೊತ್ತುಕೊಂಡು ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ.

ನಿನ್ನ ಶನಿಯ ಲೆಕ್ಕಕ್ಕೆ ಬರೋಣ, ನಾನೂ ಪಂಚಾಂಗ ನೋಡುವ ಮನೆಯವಳೇ. ಶನಿಗೆ ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದರಲ್ಲಿ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. 2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ, ಹಾಗಾಗಿ ಈಗ ಕುಂಭ, ಮೀನ, ಮೇಷ ಮೂವರಿಗೂ ಸಾಡೇಸಾತಿ. ಯಾವ ಕಾಲದಲ್ಲಿ ಎಣಿಸಿದರೂ ಹನ್ನೆರಡರಲ್ಲಿ ಮೂರು ರಾಶಿ ಇದರೊಳಗೆ ಇದ್ದೇ ಇರುತ್ತವೆ. ಪಂಚಮ ಶನಿ, ಅಷ್ಟಮ ಶನಿ ಸೇರಿಸಿದರೆ ಐದು. ನಿಮ್ಮ ಲೀಡ್ಸಿನ ರೌಂಡಬೌಟಿಗೆ ನಾಲ್ಕು ದಿಕ್ಕಿನಿಂದ ನಾಲ್ಕು ಕಾರು ಬಂದು ನಿಂತರೆ ಅದರಲ್ಲಿ ಒಂದು ಸಾಡೇಸಾತಿಯವರದ್ದು ಅಂತಿಟ್ಟುಕೋ. ಅವರೂ ಸಂಜೆ ಮನೆ ಸೇರುತ್ತಾರೆ. ಇನ್ನು ನಾಲ್ಕನೇ ಮನೆ ವಾಹನಕ್ಕೆ ಹೇಗೋ ತಾಯಿಗೂ ಹಾಗೆಯೇ, ಮನೆಸುಖಕ್ಕೂ ಅದೇ. ಅಲ್ಲಿ ಕುಜ ಕೂತರೆ ತಾಯಿ ಮಗನಿಗೆ ಜಗಳ ಅಂತಲೂ ಹೇಳಬಹುದಿತ್ತಲ್ಲ? ಅಮ್ಮ ಕೇಳಿದ್ದು ಕಾರಿನ ವಿಷಯ, ಉತ್ತರವೂ ಕಾರಿನ ಬಗ್ಗೆಯೇ ಬಂತು.

ಅವತ್ತು ನಿನಗೆ ಆದದ್ದೇನು ಅಂತ ನಿನ್ನ ಮೆಸೇಜಿನಲ್ಲೇ ಇದೆ, ನೀನು ಗಮನಿಸಿಲ್ಲ. ಎದುರಿನವನು ಲೈಟ್ ಹೊಡೆದ, ನೀನು ನಿಂತೆ. ಹುಲಿಕಲ್ ಘಾಟಿಯಲ್ಲಿ ಎದುರಿನ ಗಾಡಿ ಲೈಟ್ ಹೊಡೆದರೆ ಅರ್ಥ ಏನು? ನಾನು ಬರ್ತಾ ಇದ್ದೇನೆ, ನೀನು ನಿಲ್ಲು. ಇಲ್ಲಿನವರು ಅದೇ ಲೈಟನ್ನು ಹೊಡೆಯುವುದು 'ನೀನು ಹೋಗು, ನಾನು ನಿಂತಿದ್ದೇನೆ' ಅಂತ. ಅವನು ಮರ್ಯಾದೆ ಕೊಟ್ಟ, ನಿನಗೆ ಅದು ಎಚ್ಚರಿಕೆಯಾಗಿ ಕಂಡಿತು, ಹಿಂದಿನವನಿಗೆ ತಾಳ್ಮೆ ಇರಲಿಲ್ಲ. ಇದರಲ್ಲಿ ಶನಿಗೆ ಕೆಲಸವೇ ಇಲ್ಲ. ಆಟಿಸಮ್ಮಿಗೆ ಸ್ವಲ್ಪ ಇದೆ: ಬೇರೆಯವರು ಇಂಥ ಸನ್ನೆಯನ್ನು ಎರಡು ವಾರದಲ್ಲಿ ಗಾಳಿಯಿಂದ ಹೀರಿಕೊಳ್ಳುತ್ತಾರೆ, ನಿನಗೆ ನನಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಒಳ್ಳೆಯ ಸುದ್ದಿ ಏನೆಂದರೆ ಈ ದೇಶದಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಹೈವೇ ಕೋಡ್ ಅಂತ ಪುಸ್ತಕ, ಒಂದೊಂದು ನಿಯಮಕ್ಕೂ ನಂಬರು. 110 ತೆಗೆದು ನೋಡು: ಲೈಟ್ ಹೊಡೆಯುವುದು ನಾನಿಲ್ಲಿದ್ದೇನೆ ಅಂತ ತಿಳಿಸಲು ಮಾತ್ರ. 111: ಯಾರೋ ಲೈಟ್ ಹೊಡೆದರೆಂದು ಹೋಗಲು ಹೇಳಿದರು ಅಂದುಕೊಳ್ಳಬೇಡ, ನೀನೇ ನೋಡಿ ನಿರ್ಧರಿಸು. ಅಂದರೆ ಪುಸ್ತಕದ ಪ್ರಕಾರ ತಪ್ಪು ಲೈಟ್ ಹೊಡೆದವನದ್ದೇ. ಅದನ್ನು ಓದಿದ ರಾತ್ರಿ ನಾನು ಒಬ್ಬಳೇ ನಕ್ಕಿದ್ದೆ. 185 ರೌಂಡಬೌಟಿನದ್ದು, ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಘಾಟಿಯಲ್ಲಿ ಎದುರಿನ ಡ್ರೈವರನ ಮನಸ್ಸು ಓದಬೇಕಿತ್ತು, ಇಲ್ಲಿ ಮುಕ್ಕಾಲು ಪಾಲು ರಸ್ತೆ ಓದಿದರೆ ಸಾಕು. ನಮ್ಮಂಥವರಿಗೆ ಆಗುಂಬೆಗಿಂತ ಇಂಗ್ಲೆಂಡೇ ಸಲೀಸು. ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ.

ನನಗೂ ಆಟಿಸಂ ಇದೆ ಅಂತ ವರದಿ ಸಿಕ್ಕಿದ್ದು ಮೂವತ್ತೆಂಟಕ್ಕೆ, ಮಗನ ಟೀಚರು ಮಗನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಮನಸ್ಸಿನಲ್ಲೇ ನನ್ನದೇ ಉತ್ತರ ಬರುತ್ತಿದ್ದದ್ದು ನೋಡಿ. ಹೆಸರು ಸಿಕ್ಕಿದ್ದರಿಂದ ಏನು ಬದಲಾಯಿತು ಅಂತ ನಿನ್ನ ಅಮ್ಮ ಕೇಳಬಹುದು. ಸೊರಬದ ಕ್ಯಾಸನೂರು ಕಾಡಿನ ಜ್ವರವನ್ನು ನೆನಪಿಸು. 1957ರಲ್ಲಿ ಅದನ್ನು ಗುರುತಿಸಿದರು, ಹರಡುವುದು ಉಣುಗು ಅಂತ ಗೊತ್ತಾಯಿತು, ಅದಕ್ಕೇ ಕಾಡಿಗೆ ಹೋಗುವಾಗ ಮೈಗೆ ಏನು ಹಚ್ಚಿಕೊಳ್ಳಬೇಕು ಅಂತ ಇವತ್ತು ನಮ್ಮವರಿಗೆ ಗೊತ್ತು. ಆಟಿಸಂ ಕಾಯಿಲೆಯಲ್ಲ, ಹೋಲಿಕೆ ಅಷ್ಟಕ್ಕೇ ನಿಲ್ಲಲಿ. ನನಗೆ ಗೊತ್ತಾದದ್ದು ಇಷ್ಟು: ನನ್ನಲ್ಲಿ ಹೆದರಿಕೆ ಬೇರೆ, ಹಿಂಸೆ ಬೇರೆ. ಹೆದರಿಕೆ ರೂಢಿಯಿಂದ ಇಳಿಯುತ್ತಾ ಬಂತು. ವೈಪರಿನ ಕಿರುಚಾಟ, ಮರಗಳ ಸಾಲಿನಲ್ಲಿ ಬಿಸಿಲು ಮಿಣಮಿಣ ಅನ್ನುವುದು, ದಾರಿ ಹೇಳುವ ಸ್ಯಾಟ್‌ನ್ಯಾವ್ ಮಾತು, ಇವು ಎಷ್ಟು ಸಲ ಓಡಿಸಿದರೂ ಇಳಿಯಲಿಲ್ಲ. ಅವಕ್ಕೆ ಉಪಾಯವೇ ಬೇಕಾಯಿತು. ವೈಪರ್ ರಬ್ಬರ್ ಬದಲಿಸಿದೆ. ಕಪ್ಪು ಕನ್ನಡಕ ತಗೊಂಡೆ. ಗೇರಿನ ಗೊಡವೆಯೇ ಬೇಡ ಅಂತ ಆಟೋಮ್ಯಾಟಿಕ್ ಕಲಿತೆ. ಅದರಲ್ಲಿ ಟೆಸ್ಟ್ ಪಾಸಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು, ಅದರಿಂದ ನನಗೆ ಯಾವ ನಷ್ಟವೂ ಆಗಿಲ್ಲ.

ಇನ್‌ಸ್ಟ್ರಕ್ಟರ್‌ಗೆ ಮೊದಲ ದಿನವೇ ಹೇಳಿಬಿಡು. ತಿರುವಿನ ನಡುವೆ ಮಾತಾಡಬೇಡಿ, ಇನ್ನೂರು ಗಜ ಮೊದಲೇ ಹೇಳಿ, ಆಮೇಲೆ ಸುಮ್ಮನಿರಿ. ನನ್ನ ಮೊದಲ ಇನ್‌ಸ್ಟ್ರಕ್ಟರ್‌ಗೆ ಬಾಯಿ ನಿಲ್ಲುತ್ತಿರಲಿಲ್ಲ, ಮೂರು ಪಾಠಕ್ಕೇ ಬಿಟ್ಟೆ. ಎರಡನೆಯವರು ಒಂದು ವಿದ್ಯೆ ಕಲಿಸಿದರು: ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾ ಓಡಿಸುವುದು. ಇಂಗ್ಲಿಷಿನಲ್ಲಿ ಹೇಳಲು ಹೋದರೆ ನಾಲಗೆ ತಡವರಿಸಿತು, ಕನ್ನಡದಲ್ಲಿ ಶುರುಮಾಡಿದೆ. "ಎಡಗಡೆ ಅಜ್ಜಿ, ನಾಯಿ ಕಟ್ಟಿದ್ದಾರೆ, ಮುಂದೆ ಬಿಳಿ ವ್ಯಾನು, ಬ್ರೇಕ್ ಲೈಟ್ ಬಂತು, ಹೋಯ್ ಸೈಕಲ್ಲು." ಪಾಪ, ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಸರಿಯಾದ ಹೊತ್ತಿಗೆ ತಲೆಯಾಡಿಸುತ್ತಿದ್ದರು.

ಟೆಸ್ಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಥಿಯರಿಯಲ್ಲಿ 50 ಪ್ರಶ್ನೆಗೆ 43 ಸರಿ ಬೇಕು, ಜೊತೆಗೆ ಅಪಾಯ ಗುರುತಿಸುವ ವಿಡಿಯೋಗಳಲ್ಲಿ 75ಕ್ಕೆ 44. ರಸ್ತೆಯ ಟೆಸ್ಟು ಸುಮಾರು ನಲವತ್ತು ನಿಮಿಷ. ಸಣ್ಣ ತಪ್ಪು 15ರ ತನಕ ಮಾಫಿ, ಗಂಭೀರವಾದದ್ದು ಒಂದಾದರೂ ಫೇಲ್. ಹೇಳಿದ ದಾರಿ ಬಿಟ್ಟು ಬೇರೆ ಕಡೆ ತಿರುಗಿದರೆ ಅದು ತಪ್ಪಿನ ಲೆಕ್ಕಕ್ಕೇ ಬರುವುದಿಲ್ಲ, ಗಾಬರಿ ಬೀಳಬೇಡ. ಬುಕ್ ಮಾಡುವಾಗಲೇ ಆಟಿಸಂ ಇದೆ ಅಂತ ತಿಳಿಸಿದರೆ ಪರೀಕ್ಷಕರು ಸೂಚನೆ ಕೊಡುವ ರೀತಿಯನ್ನು ನಿನಗೆ ಹೊಂದಿಸಿಕೊಳ್ಳುತ್ತಾರೆ. ಇನ್ನೊಂದು ಮುಖ್ಯ ಮಾತು: ಆಟಿಸಂ ನಿನ್ನ ಸುರಕ್ಷಿತ ಚಾಲನೆಗೆ ಅಡ್ಡಿಯಾಗುತ್ತದೆ ಅಂತಾದರೆ ಲೈಸೆನ್ಸ್ ಕೊಡುವ ಕಚೇರಿಯಾದ ಡಿವಿಎಲ್‌ಎಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ ಇದೆ. ಕೈ ಮರಗಟ್ಟುವುದು ಇದರೊಳಗೆ ಬರುತ್ತದೋ ಅಂತ ವರದಿ ಕೊಟ್ಟ ಡಾಕ್ಟರನ್ನೇ ನೇರವಾಗಿ ಕೇಳು, ನನ್ನನ್ನಲ್ಲ. ಆಫೀಸಿನವರಿಗೂ ಬರೆದು ತಿಳಿಸು. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅವರು ನ್ಯಾಯವಾದ ಹೊಂದಾಣಿಕೆ ಮಾಡಿಕೊಡಬೇಕು, ತಿಂಗಳಿಗೆರಡು ಸೈಟ್ ಭೇಟಿಗೆ ಸಹೋದ್ಯೋಗಿಯ ಕಾರಲ್ಲಿ ಹೋಗುತ್ತೇನೆ ಅಂತ ಕೇಳುವುದರಲ್ಲಿ ನಾಚಿಕೆ ಎಂತದ್ದು? ಕೊನೆಗೆ ಕಾರು ಬೇಡವೇ ಬೇಡ ಅನ್ನಿಸಿದರೂ ಲೀಡ್ಸಿನಲ್ಲಿ ಬಸ್ಸು ರೈಲಿಗೆ ಬರವಿಲ್ಲ.

ಮೆಸೇಜಿನ ಕೊನೆಗೆ ಅರ್ಧ ಸಾಲಲ್ಲಿ ಬರೆದೆಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ. 1995ರ ದೀಪಾವಳಿ, ಅಕ್ಟೋಬರ್ 24ರ ಬೆಳಿಗ್ಗೆ ಸೂರ್ಯಗ್ರಹಣ, ನೀನು ಹೊಟ್ಟೆಯಲ್ಲಿ, ಕರು ಹಗ್ಗ ಬಿಚ್ಚಿಕೊಂಡಿತು ಅಂತ ಅಮ್ಮ ಕೊಟ್ಟಿಗೆಗೆ ಹೋದರು. ಈಗ 'ನಂದೇ ತಪ್ಪು' ಅಂತ ಅಳುತ್ತಾರೆ. ಆಟಿಸಂ ಬರುವುದರಲ್ಲಿ ದೊಡ್ಡ ಪಾಲು ವಂಶವಾಹಿಯದ್ದು, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಹೇಳು. ತಾಯಿಯ ತಲೆಗೆ ಕಟ್ಟುವ ಚಾಳಿ ನಮ್ಮೂರಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಮೇಲೆ ವರ್ಷಗಟ್ಟಲೆ ದೊಡ್ಡ ದೊಡ್ಡ ಡಾಕ್ಟರುಗಳೇ, ತಾಯಿಗೆ ಪ್ರೀತಿ ಸಾಲದು, ಅದಕ್ಕೇ ಮಗು ಹೀಗೆ ಅಂದರು. 'ಫ್ರಿಜ್ಜಿನಂಥ ತಾಯಿ' ಅಂತ ಹೆಸರೂ ಇಟ್ಟರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ, ಆತನ ಮಗನಿಗೂ ಆಟಿಸಂ, ಅದನ್ನು ಎದುರಿಸಿ ಬರೆಯಬೇಕಾಯಿತು. ನಿನ್ನ ಅಮ್ಮನಿಗೆ ಇದನ್ನು ಫೋನಲ್ಲಿ ಪಾಠ ಒಪ್ಪಿಸಿದ ಹಾಗೆ ಹೇಳಬೇಡ ಮತ್ತೆ. ನಮ್ಮಿಬ್ಬರಿಗೂ ಆ ಕೆಟ್ಟ ಅಭ್ಯಾಸ ಇದೆ. ಕರು ಆಮೇಲೆ ಸಿಕ್ಕಿತಾ ಅಂತ ಮೊದಲು ಕೇಳು.

ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತೇನೆ ಅಂದರೆ ಹಚ್ಚಲಿ, ಬೇಡ ಅನ್ನಬೇಡ. ಹುಲಿಕಲ್‌ನಲ್ಲಿ ಚಂಡಿಕಾಂಬೆ ಗುಡಿಯ ಮುಂದೆ ಡ್ರೈವರುಗಳು ಗಾಡಿ ನಿಲ್ಲಿಸಿ ಕೈಮುಗಿಯುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯಲ್ಲ. ಅಷ್ಟು ಹೊತ್ತಿಗೆ ಎಂಜಿನ್ ತಣಿಯುತ್ತದೆ, ಮನುಷ್ಯನೂ ತಣಿಯುತ್ತಾನೆ. ನಾನು ಈಗಲೂ ಕೀ ತಿರುಗಿಸುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂರುತ್ತೇನೆ. ಯಾವ ದೇವರು ಅಂತ ಕೇಳಬೇಡ.

ಬರುವ ಶನಿವಾರ ಲೀಡ್ಸಿನಿಂದ ರೈಲು ಹತ್ತಿ ಹೆಬ್ಡೆನ್ ಬ್ರಿಡ್ಜಿಗೆ ಬಾ. ಸ್ಟೇಷನ್ ಇಳಿದರೆ ಗುಡ್ಡ, ಮಂಜು, ಜಿಟಿಜಿಟಿ ಮಳೆ, ನಿನಗೆ ಊರಿನ ಹಾಗೇ ಕಾಣುತ್ತದೆ. ಕಾರು ತೆಗೆಯುವುದಿಲ್ಲ. ಡಬಲ್ ಡೆಕ್ಕರ್ ಬಸ್ಸಿನ ಮೇಲ್ಮಹಡಿಯ ಮುಂದಿನ ಸೀಟಿನಲ್ಲಿ ಕೂತು ಹ್ಯಾಲಿಫ್ಯಾಕ್ಸ್‌ಗೆ ಹೋಗಿ ಬರೋಣ. ಮೇಲಿನಿಂದ ನೋಡಿದರೆ ರೌಂಡಬೌಟು ಅಂಗಳದಲ್ಲಿ ಬರೆದ ರಂಗೋಲಿಯ ಹಾಗೆ ಪೂರ್ತಿ ಕಾಣುತ್ತದೆ, ಯಾರು ಯಾರಿಗೆ ದಾರಿ ಬಿಡುತ್ತಾರೆ ಅಂತ ಎಣಿಸಬಹುದು. ನೋಟ್‌ಬುಕ್ ತಾ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಉಳಿದಿದ್ದರೆ ಅದನ್ನೂ ತಾ. ರೈಲು ಹತ್ತಿದ ಮೇಲೆ ಮೆಸೇಜ್ ಹಾಕು, ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ.